ಎರವಲು ಪುಸ್ತಕದ ಅರ್ಜಿ: ಹೊಸ ಪರದೆ, ಹಳೆಯ ತೊಡಕು

ಒಂದು ಗ್ರಂಥಾಲಯದ ಪುಸ್ತಕವನ್ನು ಇನ್ನೊಂದು ಗ್ರಂಥಾಲಯದ ಮೂಲಕ ಎರವಲು ತರಿಸಿಕೊಳ್ಳುವ ಏರ್ಪಾಡು ಬೆಂಗಳೂರು, ಧಾರವಾಡಗಳ ಕನ್ನಡ ಓದುಗನಿಗೆ ಹೆಚ್ಚಿನ ಅನುಕೂಲವೆನಿಸಬಹುದು. ನಾಸಿಕದಲ್ಲಿ, ಅಥವಾ ನಿನ್ನೆ ಮೊನ್ನೆಯವರೆಗೆ ಔರಂಗಾಬಾದ್ ಎನಿಸಿದ್ದ ಛತ್ರಪತಿ ಸಂಭಾಜಿನಗರದಲ್ಲಿ ನೆಲೆಸಿದವನಿಗೆ ಅನೇಕ ಸಲ ಅದೊಂದೇ ದಾರಿ. ನಾಸಿಕದ ಸಾರ್ವಜನಿಕ ವಾಚನಾಲಯ 1840ರಷ್ಟು ಹಳೆಯದು, ಸಂಭಾಜಿನಗರದ ಡಾ. ಬಾಬಾಸಾಹೇಬ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1958ರಲ್ಲಿ. ಹಳೆಯ ಕನ್ನಡ ಪುಸ್ತಕಗಳೆಲ್ಲ ಅಲ್ಲಿನ ಕಪಾಟುಗಳಲ್ಲಿ ಇರಬೇಕೆನ್ನುವುದು ನ್ಯಾಯವಲ್ಲ. ಆದರೆ ಎಲ್ಲೋರದ ರಾಷ್ಟ್ರಕೂಟರನ್ನು ಕುರಿತು ಬರೆಯಹೊರಟವನಿಗೆ, ಕವಿರಾಜಮಾರ್ಗವು ಕನ್ನಡ ನಾಡಿನ ಮೇರೆಯೆಂದು ಹೇಳಿದ ಗೋದಾವರಿಯ ದಡದಲ್ಲೇ ಬದುಕುತ್ತಿರುವವನಿಗೆ, ಶಂ. ಬಾ. ಜೋಶಿಯವರ 'ಕಣ್ಮರೆಯಾದ ಕನ್ನಡ' ಬೇಕೇ ಬೇಕು.

ಹಿಂದೆ ಇಂಥ ಕೋರಿಕೆ ಕಾಗದದ ಮೇಲೆ ಹೋಗುತ್ತಿತ್ತು. ಲೇಖಕರ ಹೆಸರು, ಪುಸ್ತಕದ ಹೆಸರು, ವರ್ಷ. ಮತ್ತೆ ಅಂಚಿನಲ್ಲಿ ಒಂದಿಷ್ಟು ಖಾಲಿ ಜಾಗ. 1988ರಲ್ಲಿ ದೆಹಲಿಯ ಡೆಲ್‌ನೆಟ್, 1991ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ ಇನ್‌ಫ್ಲಿಬ್‌ನೆಟ್ ಆರಂಭವಾದ ಮೇಲೆ ಗಣಕಯಂತ್ರ ಈ ಕೆಲಸಕ್ಕೆ ಇಳಿಯಿತು. ಯಾವ ಪುಸ್ತಕ ಯಾವ ಊರಿನಲ್ಲಿದೆ ಎಂಬುದು ಕುಳಿತಲ್ಲೇ ತಿಳಿಯುವಂತಾದದ್ದು ದೊಡ್ಡ ಉಪಕಾರವೆಂಬುದನ್ನು ಒಪ್ಪಲೇಬೇಕು.

ನಮ್ಮ ಆಕ್ಷೇಪವಿರುವುದು ಪರದೆಯ ಬಗ್ಗೆ. ಅದು ಆಗಾಗ ಹೊಸ ವೇಷ ತೊಡುತ್ತದೆ. ಗುಂಡಿಗಳು ದುಂಡಗಾಗುತ್ತವೆ, ಬಣ್ಣ ತಿಳಿಯಾಗುತ್ತದೆ, ಮೊಬೈಲಿನಲ್ಲೂ ಅಂದವಾಗಿ ಕಾಣುತ್ತದೆ. ಇರಲಿ. ಜೋಶಿಯವರ ಪುಸ್ತಕ ಸಿಕ್ಕೀತೆ? ಸೂಚಿಯಲ್ಲಿ ಹೆಸರು ರೋಮನ್ ಲಿಪಿಯಲ್ಲಷ್ಟೇ ಇದ್ದರೆ ಕನ್ನಡದಲ್ಲಿ ಹುಡುಕಿದವನಿಗೆ ಸಿಗದು. ರೋಮನ್‌ನಲ್ಲೇ ಹುಡುಕೋಣವೆಂದರೆ ಒಬ್ಬರು ಣಕಾರಕ್ಕೆ ಕೆಳಗೆ ಚುಕ್ಕೆ ಇಟ್ಟಿರುತ್ತಾರೆ, ಒಬ್ಬರು ಬಿಟ್ಟಿರುತ್ತಾರೆ. 'ಯಾ'ದ ದೀರ್ಘಕ್ಕೆ ಒಬ್ಬರದು ಮೇಲುಗೆರೆ, ಇನ್ನೊಬ್ಬರದು ಜೋಡಿ ಅಕ್ಷರ. ದೇವನಾಗರಿಯಲ್ಲಿ ಬರೆದರೆ ಮರಾಠಿಯ ರೂಢಿಯಲ್ಲಿ ಹ್ರಸ್ವ ಎಕಾರವಿಲ್ಲವಾದ್ದರಿಂದ 'ಮರೆ' ಎಂಬುದು 'ಮರೇ' ಆಗಿ ಕೂರುತ್ತದೆ. ಇವೆಲ್ಲ ಒಂದೇ ಎಂದು ಯಾರಾದರೂ ಹೇಳಿಕೊಡದಿದ್ದರೆ ಯಂತ್ರಕ್ಕೆ ಇವು ಬೇರೆ ಬೇರೆ ಪುಸ್ತಕಗಳೇ. ಪುಸ್ತಕದ ಹೆಸರೇ ಅದರ ಹಣೆಬರಹವಾದಂತಾಯಿತು! ಉಪಾಯವಿಲ್ಲವೆಂದಲ್ಲ. ಗ್ರಂಥಾಲಯಗಳು ಬಳಸುವ ಮಾರ್ಕ್ 21 ಎಂಬ ದಾಖಲೆಯ ಕ್ರಮದಲ್ಲಿ ಇನ್ನೊಂದು ಲಿಪಿಯ ರೂಪಕ್ಕೆಂದೇ 880ನೆಯ ಅಂಕಣ ಮೀಸಲಾಗಿದೆ. ತುಂಬುವ ಕೈ ಬೇಕು, ತುಂಬಿದ್ದನ್ನು ಹುಡುಕುವ ಪರದೆ ಬೇಕು.

ಇನ್ನೊಂದು ಕಾಟ ಕೆಂಪು ನಕ್ಷತ್ರದ್ದು. ನಕ್ಷತ್ರವಿರುವ ಅಂಕಣವನ್ನು ತುಂಬದೆ ಅರ್ಜಿ ಮುಂದೆ ಸಾಗದು. ಐ.ಎಸ್.ಬಿ.ಎನ್. ಎಂಬ ಪುಸ್ತಕ ಸಂಖ್ಯೆ ಅಂತರರಾಷ್ಟ್ರೀಯ ಮಾನಕವಾದದ್ದೇ 1970ರಲ್ಲಿ. ಅದನ್ನು ಕಡ್ಡಾಯ ಮಾಡಿದ ನಮೂನೆಯ ಎದುರಿಗೆ ಸ್ವಾತಂತ್ರ್ಯಪೂರ್ವದ ಪ್ರತಿಯನ್ನು ಕೇಳುವವನು ಏನು ಮಾಡಬೇಕು? ಸೊನ್ನೆಗಳನ್ನು ತುಂಬಿ ಮುಂದೆ ಹೋಗುತ್ತಾನೆ. ಆ ಸುಳ್ಳು ಸಂಖ್ಯೆ ಅರ್ಜಿಯ ಜೊತೆಗೇ ದೂರದ ಊರನ್ನು ಮುಟ್ಟುತ್ತದೆ.

ಎಲ್ಲ ಕಡೆಯೂ ಹೀಗೆಯೇ ಎಂದರೆ ತಪ್ಪಾದೀತು. ಭಾರತದ ಅನೇಕ ಗ್ರಂಥಾಲಯಗಳು ಬಳಸುವ 'ಕೋಹಾ' 1999ರಲ್ಲಿ ನ್ಯೂಜಿಲೆಂಡಿನಲ್ಲಿ ಸಿದ್ಧವಾದ ತಂತ್ರಾಂಶ. ಮಾವೋರಿ ಭಾಷೆಯಲ್ಲಿ ಆ ಮಾತಿಗೆ ಕಾಣಿಕೆ ಎಂದರ್ಥ. ಅದರ ಎರವಲು ವಿಭಾಗಕ್ಕೆ ಜೋಡಿಸುವ 'ಫ್ರೀಫಾರ್ಮ್' ಎಂಬ ನಮೂನೆಯಲ್ಲಿ ಅರ್ಜಿ ಬರೆಯುವವನೇ ತನಗೆ ಬೇಕಾದ ಹೊಸ ಅಂಕಣವನ್ನು ಸೇರಿಸಬಹುದು. ಕಾಗದದ ಅಂಚು ಮರಳಿ ಬಂತೆನ್ನಿ. ಪರದೆ ಬದಲಿಸುವವರು ಬಣ್ಣಕ್ಕಿಂತ ಮೊದಲು ಇದನ್ನು ಕಲಿಯುವುದು ಲೇಸು.

ಓದುಗನ ಹೊತ್ತು ಪೋಲಾಗಬಾರದೆಂಬುದು ರಂಗನಾಥನ್ ಅವರು 1931ರಲ್ಲಿ ಹಾಕಿಕೊಟ್ಟ ಐದು ಸೂತ್ರಗಳಲ್ಲಿ ಒಂದು. ಕಾದು ಕುಳಿತವನಿಗೆ 'ಲಭ್ಯವಿಲ್ಲ' ಎಂಬ ಒಂದೇ ಪದ ಬಂದರೆ ಆ ಸೂತ್ರಕ್ಕೆ ಎಲ್ಲಿಯ ಬೆಲೆ? ಪುಸ್ತಕ ಇಲ್ಲವೇ, ಬೇರೆಯವರು ಒಯ್ದಿದ್ದಾರೆಯೇ, ಹಾಳೆ ಜೀರ್ಣವಾಗಿ ಕಳಿಸುವಂತಿಲ್ಲವೇ, ಅಥವಾ ಹೆಸರೇ ಹೊಂದಲಿಲ್ಲವೇ? ಒಯ್ದಿದ್ದರೆ ಕಾಯಬಹುದು. ಜೀರ್ಣವಾಗಿದ್ದರೆ ಬೇಕಾದ ನಾಲ್ಕು ಪುಟಗಳ ನಕಲನ್ನು ಕೇಳಬಹುದು. ಹೆಸರು ಹೊಂದಲಿಲ್ಲವೆಂದು ತಿಳಿಸಿದರೆ ಇನ್ನೊಂದು ಕಾಗುಣಿತದಲ್ಲಿ ಬರೆದು ಕಳಿಸೇವು.