ದಾನದ ಪಟ್ಟಿ, ಕೂಲಿಯ ಲೆಕ್ಕ

ನೆರೆ ಬಂದು ಹೋದಮೇಲೆ ಎರಡು ಪಟ್ಟಿ ತಯಾರಾಗುತ್ತವೆ. ಒಂದು ಕೊಟ್ಟವರದು, ಇನ್ನೊಂದು ಕಳಕೊಂಡವರದು. ಮೊದಲನೆಯದರಲ್ಲಿ ಹೆಸರು ಬಿಟ್ಟುಹೋದರೆ ದಾನಿಗೆ ಸಿಟ್ಟು ಬರುತ್ತದೆ, ತಿದ್ದುತ್ತಾರೆ. ಎರಡನೆಯದರಲ್ಲಿ ಕೂಲಿಯವನ ಹೆಸರು ಬಿಟ್ಟುಹೋದರೆ ಕಚೇರಿಯಲ್ಲಿ 'ನಿಯಮ ಇಲ್ರೀ' ಅಂತಾರೆ. ಹಾಗಾದರೆ ಆ ನಿಯಮವನ್ನೇ ಓದಬೇಕು ಗೆಳೆಯರೇ. ಕವಿತೆ ಕತೆಗಳನ್ನಷ್ಟೇ ವಿಮರ್ಶೆ ಮಾಡಿದರೆ ಸಾಲದು.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕ ಮುಳುಗಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮಂತ್ರಾಲಯದ ಮಠಕ್ಕೆ ನೀರು ಹೊಕ್ಕಿದ್ದು ನಾಡಿಗೆಲ್ಲ ಗೊತ್ತು. ಅದೇ ತುಂಗಭದ್ರೆಯ ದಂಡೆಯಲ್ಲಿ ನೀರು ಹೊಕ್ಕ ಕೇರಿಗಳ ಹೆಸರು ಎಷ್ಟು ಜನಕ್ಕೆ ಗೊತ್ತು? ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪ ಪಾದಯಾತ್ರೆ ಮಾಡಿ ನಿಧಿ ಎತ್ತಿದರು. ಜನ ಮನಸ್ಸು ಬಿಚ್ಚಿ ಕೊಟ್ಟರು, ಅದನ್ನು ಹಗುರ ಮಾಡುವುದು ಬೇಡ. 'ಆಸರೆ' ಯೋಜನೆ ಬಂತು. ಸರ್ಕಾರದ್ದು ಜಾಗ, ದಾನಿಗಳದು ಮನೆ. ಆದರೆ ಎಷ್ಟೋ ಕಡೆ ಆ ಮನೆಗಳು ಖಾಲಿ ಉಳಿದವು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ. ಕೊಡುವವನು ಕೊಡುವುದೇನೆಂದು ತಾನೇ ತೀರ್ಮಾನಿಸಿದ. ಪಡೆಯುವವನನ್ನು 'ಸಂತ್ರಸ್ತ' ಅಂತ ಕರೆದರು, ಆಮೇಲೆ 'ಫಲಾನುಭವಿ' ಅಂದರು. ಎಂಥ ಫಲ, ಎಂಥ ಅನುಭವ!

ಇನ್ನು 2019ರ ಆಗಸ್ಟ್. ಕೃಷ್ಣೆಗೆ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರು. ನಮ್ಮ ಲಿಂಗಸುಗೂರು ತಾಲೂಕಿನ ಶೀಲಹಳ್ಳಿ ಸೇತುವೆ ಮುಳುಗಿತು. ಕರಕಲಗಡ್ಡಿ, ಮ್ಯಾದರಗಡ್ಡಿಯಂಥ ನಡುಗಡ್ಡೆಗಳ ಜನ ನೀರಿನ ನಡುವೆ ಉಳಿದರು. ಈಗ ಲೆಕ್ಕ ನೋಡಿ. ತಕ್ಷಣದ ಖರ್ಚಿಗೆ ಒಂದು ಕುಟುಂಬಕ್ಕೆ 10,000 ರೂಪಾಯಿ. ಪೂರ್ತಿ ಬಿದ್ದ ಮನೆಗೆ 5 ಲಕ್ಷ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ ಕೇಂದ್ರದ ನಿಯಮದಂತೆ 6,800, ಅದರ ಮೇಲೆ ರಾಜ್ಯದ್ದು 10,000, ಎರಡು ಹೆಕ್ಟೇರಿನವರೆಗೆ. ಅಂದರೆ ಅಷ್ಟು ಭೂಮಿಯ ಪಹಣಿ ಇದ್ದವನಿಗೆ 33,600 ರೂಪಾಯಿ. ಆ ರೈತನ ಮೇಲೆ ನಮ್ಮ ಜಗಳವಿಲ್ಲ, ಅವನ ಸಾಲಕ್ಕೇ ಅದು ಸಾಲದು. ಆದರೆ ಅದೇ ಹೊಲವನ್ನು ಲಾವಣಿ ಹಾಕಿಕೊಂಡು ಬಿತ್ತಿದವನ ಹೆಸರು ಪಹಣಿಯಲ್ಲಿಲ್ಲ. ಬೀಜ ಅವನದು, ಬೆವರು ಅವನದು, ಪರಿಹಾರ ಪಹಣಿಯವನದು.

ಅದೇ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಣ್ಣುಮಗಳು? ಅವಳಿಗೂ ಆಗಿನ ನಿಯಮದಲ್ಲಿ ಒಂದು ಸಾಲು ಇತ್ತು. ದುಡಿಮೆ ಪೂರಾ ಹಾಳಾದವರಿಗೆ, ಪರಿಹಾರ ಕೇಂದ್ರದಲ್ಲಿ ಇಲ್ಲದಿದ್ದರೆ, ದೊಡ್ಡವರಿಗೆ ದಿನಕ್ಕೆ 60 ರೂಪಾಯಿ, ಮಕ್ಕಳಿಗೆ 45. ಅದೇ ವರ್ಷ ಉದ್ಯೋಗ ಖಾತ್ರಿಯಲ್ಲಿ ಇದೇ ಸರ್ಕಾರಗಳು ಗೊತ್ತುಮಾಡಿದ್ದ ಕೂಲಿ ದಿನಕ್ಕೆ 249! ಒಂದೇ ಕೈ, ಒಂದೇ ದಿನ. ಹೊಳೆ ಬಂದಾಗ ಆ ಕೈಯ ಬೆಲೆ ಕಾಲು ಪಾಲಿಗಿಂತ ಕಡಿಮೆಯಾಗಿತ್ತು. ನಿಯಮದ ಭಾಷೆಯಲ್ಲಿ ಇದಕ್ಕೆ 'ಗ್ರಾಚುಯಿಟಸ್ ರಿಲೀಫ್' ಅಂತ ಹೆಸರು. ಬಿಟ್ಟಿ ನೆರವು ಅಂತ ಅರ್ಥ. ಬೆಳೆಯ ಹಣ ಬಿಟ್ಟಿಯಲ್ಲ, ಮನೆಯ ಹಣ ಬಿಟ್ಟಿಯಲ್ಲ, ಕೂಲಿ ಕಳಕೊಂಡವಳದು ಮಾತ್ರ ಬಿಟ್ಟಿ! ಈ ಒಂದು ಪದದಲ್ಲಿ ಸಾವಿರ ವರ್ಷದ ಊರು ಕೂತಿದೆ. ಆಸ್ತಿ ಇದ್ದವನಿಗೆ ನಷ್ಟ ಆಗುತ್ತದೆ, ಇಲ್ಲದವನಿಗೆ ಹಸಿವಾಗುತ್ತದೆ ಅಷ್ಟೇ ಎಂಬ ತಿಳುವಳಿಕೆ ಇದು. ನಷ್ಟಕ್ಕೆ ಹಕ್ಕು, ಹಸಿವಿಗೆ ಭಿಕ್ಷೆ.

ದಾನವೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಮ್ಮ ಮುದಗಲ್ಲಿನ ಮೊಹರಂಗೆ ಹಿಂದೂ ಮುಸ್ಲಿಂ ಅನ್ನದೆ ಜನ ಸೇರಿ ಸಕ್ಕರೆ ಓದಿಸುತ್ತಾರೆ. ಯಾರೋ ದೂರದ ಕರ್ಬಲಾದ ಸಾವಿಗೆ ಇಲ್ಲಿ ಅಳುತ್ತಾರೆ. (ಅಲ್ಲಿ ಜಾತಿಯೇ ಇಲ್ಲ ಅಂತ ಯಾರೂ ತಿಳಿಯಬೇಡಿ.) ಆದರೆ ಕೈಯಿಂದ ಕೈಗೆ ಹೋಗುವ ಆ ಸಕ್ಕರೆಯ ಮೇಲೆ ಕೊಟ್ಟವನ ಹೆಸರಿರುವುದಿಲ್ಲ, ತಿಂದವನ ಪಹಣಿ ಯಾರೂ ಕೇಳುವುದಿಲ್ಲ.

ಹಳ್ಳಿಯ ಮೇಷ್ಟ್ರುಗಳು, ಹುಡುಗರು ಒಂದು ಕೆಲಸ ಮಾಡಬಹುದು. ಮುಂದಿನ ಮಳೆಗಾಲಕ್ಕೆ ಮುಂಚೆ ಕೇರಿಯಲ್ಲಿ ಕೂತು ಮೂರನೆಯ ಪಟ್ಟಿ ಬರೆಯಬೇಕು. ಯಾರು ಯಾರ ಹೊಲ ಲಾವಣಿ ಮಾಡುತ್ತಾರೆ, ಯಾವ ಮನೆಗೆ ಹಕ್ಕುಪತ್ರವಿಲ್ಲ, ಯಾವ ಮನೆಯಲ್ಲಿ ಎಷ್ಟು ಜನ ಕೂಲಿಗೆ ಹೋಗುತ್ತಾರೆ, ದಿನಕ್ಕೆ ಎಷ್ಟು ಸಿಗುತ್ತದೆ. ಗ್ರಾಮಸಭೆಯಲ್ಲಿ ಅದನ್ನು ಓದಿ ನಡಾವಳಿಗೆ ಸೇರಿಸಿರಿ, ಒಂದು ನಕಲು ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ನೀರು ಇಳಿದ ಮೇಲೆ ಸರ್ವೆಗೆ ಬಂದವರ ಮುಂದೆ ಆ ಹಾಳೆ ಇಡಿ.