ಆರೋಗ್ಯವಾಙ್ಮಯದಲ್ಲಿ ಕಾಣದ ಒಂದು ಮಾತು

ವೈದ್ಯವಿಷಯದ ಬರಹಕ್ಕೆ ಕನ್ನಡದಲ್ಲಿ ದಾರಿದ್ರ್ಯವಿಲ್ಲ. ವಿಷಚಿಕಿತ್ಸೆಗೆ ಮಂಗರಾಜನ 'ಖಗೇಂದ್ರಮಣಿದರ್ಪಣ'ವುಂಟು. ದನಕರುಗಳ ರೋಗಕ್ಕೆ ಕೀರ್ತಿವರ್ಮನ 'ಗೋವೈದ್ಯ'ವುಂಟು. ಈಚಿನ ಕಾಲಕ್ಕೆ ಬಂದರೆ, ವೈದ್ಯರೇ ಲೇಖನಿ ಹಿಡಿದು ಗೃಹಸ್ಥರಿಗೆಂದು ಬರೆದ ಪುಸ್ತಕಗಳೂ ಪತ್ರಿಕಾಲೇಖನಗಳೂ ಎಣಿಕೆಗೆ ಮೀರಿವೆ. ಇವುಗಳಲ್ಲಿ ಸ್ತ್ರೀಯರ ಸ್ತನದಲ್ಲಿ ಕಾಣಿಸುವ ಗಂಟಿನ ವಿಷಯ ಬಂದಾಗಲೆಲ್ಲ ಬರಹದ ನಡೆ ಹೆಚ್ಚುಕಡಮೆ ಒಂದೇ ಬಗೆಯದು. ಹೆಂಗಸು ತನ್ನ ಮೈಯನ್ನು ತಾನೇ ಗಮನಿಸಬೇಕು. ಹೊಸದಾಗಿ ಏನಾದರೂ ಕೈಗೆ ಸಿಕ್ಕಿದರೆ ನಾಚದೆ, ಹೆದರದೆ, ತಡಮಾಡದೆ ವೈದ್ಯರನ್ನು ಕಾಣಬೇಕು. ಇಲ್ಲಿಗೆ ಲೇಖನ ಮುಗಿಯುತ್ತದೆ. ವೈದ್ಯರ ಬಾಗಿಲನ್ನು ಮುಟ್ಟಿಸಿದೊಡನೆ ಲೇಖಕನು ತನ್ನ ಹೊಣೆ ತೀರಿತೆಂದು ಹಿಂದಿರುಗುತ್ತಾನೆ. ಆ ಬಾಗಿಲಿನ ಒಳಗೆ ವೈದ್ಯರು "ಏನೂ ಇಲ್ಲ, ಹೋಗು" ಎಂದುಬಿಟ್ಟರೆ ಅವಳು ಏನು ಮಾಡಬೇಕು, ಯಾವ ಮಾತಾಡಬೇಕು ಎಂಬ ಸಂಗತಿಗೆ ನಮ್ಮ ಆರೋಗ್ಯವಾಙ್ಮಯದಲ್ಲಿ ಸಿಕ್ಕಿರುವ ಜಾಗ ಅತ್ಯಲ್ಪ.

ಹಾಸನ ತಾಲ್ಲೂಕಿನ ದುದ್ದ ಹೋಬಳಿಯ ಒಬ್ಬ ಗೃಹಿಣಿಯನ್ನು ಕಲ್ಪಿಸಿಕೊಳ್ಳಬಹುದು. ವಯಸ್ಸು ಮೂವತ್ತಾರು, ಓದು ಬಲ್ಲವಳು, ಕಿರಿಯ ಮಗು ಹಾಲು ಬಿಟ್ಟು ವರ್ಷ ಕಳೆದಿದೆ. ಸ್ನಾನಮಾಡುವಾಗ ಎಡಗಡೆ ಹುಣಿಸೆಬೀಜದಷ್ಟು ಗಂಟು ಕೈಗೆ ಸಿಕ್ಕಿತು, ನೋವಿಲ್ಲ. ನಾಲ್ಕು ದಿನ ಯೋಚಿಸಿ, ಅತ್ತಿಗೆಗೆ ಹೇಳಿ, ಯಜಮಾನರಿಗೆ ಅರ್ಧ ಹೇಳಿ, ಕಡೆಗೆ ವೈದ್ಯರ ಮುಂದೆ ಕುಳಿತಳು. ಅವರು ಕೈಯಿಟ್ಟು ನೋಡಿದರೋ ಇಲ್ಲವೋ, "ಏನಿಲ್ಲ ಕಣಮ್ಮ, ಹಾಲಿನ ಗಂಟು. ನೋವಿಲ್ಲ ತಾನೆ? ಮತ್ತೇಕೆ ಹೆದರಿಕೆ? ತಾನೇ ಕರಗುತ್ತೆ" ಎಂದರು. ಅವಳು "ಸರಿ ಸಾರ್" ಎಂದು ಎದ್ದುಬಂದಳು. ಪುಸ್ತಕಗಳು ಹೇಳಿದುದನ್ನೆಲ್ಲ ಅವಳು ತಪ್ಪದೆ ನಡೆಸಿದ್ದಾಳೆ. ಗಂಟು ಮಾತ್ರ ಇದ್ದಲ್ಲಿಯೇ ಇದೆ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲಿಯೂ ಈ ಚಿತ್ರ ಬೇರೆಯಾಗಲಾರದು.

ಈ ಸಂಭಾಷಣೆಯನ್ನು ಒಂದು ನಾಟಕದ ಪ್ರವೇಶವೆಂದು ಭಾವಿಸಿ ನೋಡಿದರೆ, ಮೊದಲು ಕಾಣುವುದು ಪಾತ್ರಗಳ ಮಾತಿನ ಅಸಮತೆ. ವೈದ್ಯರಿಗೆ ಮಾತುಂಟು, ಅವಳಿಗಿಲ್ಲ. ತನಗೆ ಬಂದಿರುವ ಕಷ್ಟದ ಸ್ಥಳವನ್ನು ಹೆಸರಿಸುವುದಕ್ಕೂ ಅವಳಿಗೆ ಒಗ್ಗುವ ಪದವಿಲ್ಲ. 'ಸ್ತನ'ವೆಂಬುದು ಗ್ರಂಥಸ್ಥ, ಅದನ್ನಾಡಿದರೆ ಪಾಠ ಒಪ್ಪಿಸಿದಂತಾಗುತ್ತದೆ. 'ಮೊಲೆ'ಯೆಂಬ ಅಚ್ಚಗನ್ನಡವನ್ನು ಮರ್ಯಾದಸ್ಥರ ಮನೆಗಳಲ್ಲಿ ಕೂಸಿನ ಪ್ರಸಂಗವೊಂದನ್ನು ಬಿಟ್ಟು ಉಳಿದೆಡೆ ಆಡಬಾರದ ಮಾತಾಗಿ ಮಾಡಿಟ್ಟಿದ್ದೇವೆ. ಆದಕಾರಣ ಅವಳು 'ಎದೆ' ಎನ್ನುತ್ತಾಳೆ. ಎದೆಯೆಂದರೆ ಧೈರ್ಯವೂ ಹೌದು, ಹೃದಯವೂ ಹೌದು, ಶ್ವಾಸಕೋಶವೂ ಹೌದು. "ಎದೇಲಿ ಏನೋ ಇದ್ದ ಹಾಗಿದೆ" ಎಂಬ ವಾಕ್ಯವನ್ನು ಕೇಳಿದ ವೈದ್ಯರು ನಾಡಿ ಹಿಡಿದರೆ ಅವರದೇ ತಪ್ಪೆನ್ನುವಂತಿಲ್ಲ.

ಇದು ವಿಚಿತ್ರವಾದ ಲಜ್ಜೆ. ನಮ್ಮ ಚಂಪೂಕವಿಗಳು ಈ ಅಂಗವನ್ನು ಕಲಶಕ್ಕೂ ಕುಂಭಕ್ಕೂ ಚಕ್ರವಾಕಕ್ಕೂ ಹೋಲಿಸಿ ದಣಿಯಲಿಲ್ಲ. ಇದೇ ಜಿಲ್ಲೆಯ ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವನ ಗುಡಿಯ ಮದನಿಕೆಯರನ್ನು, ಮನೆಗೆ ಬಂದ ನೆಂಟರಿಗೆಲ್ಲ, ಮಾವನವರೂ ಸೊಸೆಯೂ ಜತೆಯಲ್ಲಿ ನಿಂತು ತೋರಿಸುತ್ತಾರೆ. ಯಾರೂ ಮುಖ ತಗ್ಗಿಸುವುದಿಲ್ಲ. ಶೃಂಗಾರಕ್ಕೆ ಭಾಷೆ ಸಮೃದ್ಧವಾಗಿದೆ, ವಾತ್ಸಲ್ಯಕ್ಕೆ ಸಮೃದ್ಧವಾಗಿದೆ; ವ್ಯಾಧಿಗೆ ಬಂದಾಗ ನಾಲಗೆ ಹಿಂದೆ ಸರಿಯುತ್ತದೆ. ಪದಕೋಶಕಾರರು ಕ್ಯಾನ್ಸರಿಗೆ 'ಏಡಿಗಂತಿ' ಎಂಬ ಸೊಗಸಾದ ಪದವನ್ನಿತ್ತಿದ್ದಾರೆ. ಗ್ರೀಕರು ಈ ರೋಗಕ್ಕೆ ಏಡಿಯ ಹೆಸರಿಟ್ಟುದನ್ನು ಅದು ಚೆನ್ನಾಗಿ ಅನುಸರಿಸಿದೆ. ಆದರೆ ದುದ್ದದ ಸಂತೆಯಲ್ಲಿ ಆ ಪದವನ್ನಾಡಿದರೆ ಯಾರಿಗೂ ತಿಳಿಯದು. 'ಕ್ಯಾನ್ಸರ್' ಎಂದರೆ ಎಲ್ಲರಿಗೂ ತಿಳಿದೀತು, ತಿಳಿದು ಎಲ್ಲರೂ ಸುಮ್ಮನಾದಾರು.

ಈ ಮೌನವನ್ನು ಮುರಿದವರಲ್ಲಿ ಡಾಕ್ಟರ್ ಅನುಪಮಾ ನಿರಂಜನರ (1934–1991) ಹೆಸರು ಅಗ್ರಗಣ್ಯವಾದುದು. ತೀರ್ಥಹಳ್ಳಿಯಲ್ಲಿ ಹುಟ್ಟಿ, ಧಾರವಾಡ ಬೆಂಗಳೂರುಗಳಲ್ಲಿ ವೈದ್ಯವೃತ್ತಿ ನಡೆಸಿದ ಈ ಕಾದಂಬರಿಕರ್ತ್ರಿ, 'ತಾಯಿ ಮಗು', 'ಕೇಳು ಕಿಶೋರಿ', 'ವಧುವಿಗೆ ಕಿವಿಮಾತು', 'ಸ್ತ್ರೀ ಸ್ವಾಸ್ಥ್ಯ ಸಂಹಿತೆ' ಮೊದಲಾದ ಗ್ರಂಥಗಳಿಂದ, ತಾಯಂದಿರು ಹೆಣ್ಣುಮಕ್ಕಳಿಗೆ ಹೇಳಲಾರದೆ ನುಂಗುತ್ತಿದ್ದುದನ್ನು ಅಚ್ಚಿನಲ್ಲಿ ಇಟ್ಟರು. ಅವು ಎಷ್ಟೋ ಮನೆಗಳಲ್ಲಿ ಪಂಚಾಂಗದಂತೆ ಕೈಗೆಟುಕುವೆಡೆಯಲ್ಲಿ ಇದ್ದುವು. ಮದುವೆಯಲ್ಲಿ ಉಡುಗೊರೆಯಾಗಿಯೂ ಹೋದುವು. ಆ ಉಪಕಾರವನ್ನು ಕಡೆಗಣಿಸುವ ವಿಮರ್ಶೆ ಕೃತಘ್ನತೆಯಾದೀತು. ಆದರೂ ಗ್ರಂಥನಾಮಗಳನ್ನೇ ಸ್ವಲ್ಪ ಗಮನಿಸಬೇಕು. 'ಕೇಳು' ಎಂಬುದು ಒಂದರಲ್ಲಿ ವಿಧಿ; 'ಕಿವಿಮಾತು' ಎಂಬುದು ಇನ್ನೊಂದರಲ್ಲಿ ರೂಪ. ಬಲ್ಲವಳು ಹೇಳುತ್ತಾಳೆ, ಅರಿಯದವಳು ಕೇಳುತ್ತಾಳೆ. ಹೇಳುವವಳು ಹಿತೈಷಿಯೂ ವಿದುಷಿಯೂ ಆದ ವೈದ್ಯೆಯಾದುದರಿಂದ ಆ ಸಂಬಂಧ ಮಧುರವಾಗಿದೆ. ಆದರೆ ಕೇಳುವುದನ್ನು ಮಾತ್ರ ಕಲಿತ ಕಿಶೋರಿ ದೊಡ್ಡವಳಾಗಿ, ಹಿತೈಷಿಯಾದರೂ ಅವಸರದಲ್ಲಿರುವ ಮತ್ತೊಬ್ಬ ವೈದ್ಯರ ಎದುರು ಕುಳಿತಾಗ, ಅಲ್ಲಿಯೂ ಕೇಳಿಯೇ ಬರುತ್ತಾಳೆ. ಇದು ಒಬ್ಬ ಲೇಖಕಿಯ ದೋಷವಲ್ಲ. ಉಪದೇಶವೆಂಬ ಪ್ರಕಾರದ ಮಿತಿ. ಅನುಪಮಾ ಅವರ ಆಯುಸ್ಸೂ ಐವತ್ತಾರನೆಯ ವಯಸ್ಸಿನಲ್ಲಿ ಕ್ಯಾನ್ಸರಿನಿಂದಲೇ ಮುಗಿಯಿತು.

ಇನ್ನು ವೈದ್ಯರ ಮಾತಿಗೆ ಬರೋಣ. "ಏನೂ ಇಲ್ಲ" ಎಂಬ ಎರಡು ಪದಗಳಿಗೆ ಅರ್ಥ ಒಂದೇ ಅಲ್ಲ. 'ಪರೀಕ್ಷೆಗಳನ್ನು ಮಾಡಿ ನೋಡಿದೆ, ರೋಗವಿಲ್ಲ' ಎಂಬುದು ಒಂದರ್ಥ. 'ಈ ವಯಸ್ಸಿಗೆ ಇರುವ ಸಂಭವ ಕಡಮೆ' ಎಂಬುದು ಎರಡನೆಯದು. 'ನನಗೆ ಕಾಣುತ್ತಿಲ್ಲ' ಎಂಬುದು ಮೂರನೆಯದು. 'ಹೊರಗೆ ಇನ್ನೂ ನಲವತ್ತು ಜನ ಕಾದಿದ್ದಾರೆ' ಎಂಬುದು ನಾಲ್ಕನೆಯದು. ಕೇಳುವವಳ ಕಿವಿಗೆ ಮೊದಲನೆಯ ಅರ್ಥವೊಂದೇ ಮುಟ್ಟುತ್ತದೆ; ಆಡುವವರು ಎರಡನೆಯದನ್ನೋ ನಾಲ್ಕನೆಯದನ್ನೋ ಆಡಿರುತ್ತಾರೆ. ವೈದ್ಯರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಇಂತಹ ಗಂಟುಗಳಲ್ಲಿ ಬಹುಪಾಲು ನಿಜವಾಗಿಯೂ ನಿರಪಾಯವಾದುವು: ನಾರುಗಂಟು, ನೀರುಗುಳ್ಳೆ, ಹಾಲು ಕಟ್ಟಿದುದು. ಆದಕಾರಣ "ಏನೂ ಇಲ್ಲ" ಎನ್ನುವವರು ಅನೇಕ ಸಲ ಸರಿಯಾಗಿಯೇ ಇರುತ್ತಾರೆ. ಹೀಗೆ ಸರಿಯಾಗುತ್ತಾ ಬಂದ ಅಭ್ಯಾಸವೇ ಒಂದು ದಿನ ಒಬ್ಬಳ ಪಾಲಿಗೆ ಮುಳುವಾಗುತ್ತದೆ. ಬೆರಳಿನ ಸ್ಪರ್ಶವೊಂದರಿಂದಲೇ ಇದನ್ನು ತೀರ್ಮಾನಿಸಲಾಗದೆಂಬುದು ವೈದ್ಯಶಾಸ್ತ್ರದಲ್ಲಿ ಇಂದು ವಿವಾದವಿಲ್ಲದ ಸಂಗತಿ. ಕೈಯಿಂದ ಪರೀಕ್ಷೆ, ಮ್ಯಾಮೊಗ್ರಾಂ ಅಥವಾ ಅಲ್ಟ್ರಾಸೌಂಡ್ ಚಿತ್ರ, ಬೇಕಾದಲ್ಲಿ ಸೂಜಿಯಿಂದ ಚೂರು ತೆಗೆದು ಮಾಡುವ ಬಯಾಪ್ಸಿ, ಈ ಮೂರರ ಫಲಗಳೂ ಒಂದಕ್ಕೊಂದು ಹೊಂದಬೇಕು. ಚಿಕ್ಕ ವಯಸ್ಸಿನವರಲ್ಲಿ ಅಂಗ ಸಾಂದ್ರವಾಗಿರುವುದರಿಂದ ಮ್ಯಾಮೊಗ್ರಾಂ ಮಸುಕಾಗಿ, ಅಲ್ಟ್ರಾಸೌಂಡ್ ಹೆಚ್ಚು ಉಪಯುಕ್ತವಾಗುತ್ತದೆ. ನೋವಿಲ್ಲದಿರುವುದು ಅಭಯದ ಲಕ್ಷಣವಲ್ಲ. ಈ ರೋಗದ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಭಾರತದ ಸ್ತ್ರೀಯರಲ್ಲಿ ಕ್ಯಾನ್ಸರ್‌ಗಳ ಪೈಕಿ ಸ್ತನದ್ದೇ ಅಧಿಕವೆಂಬುದೂ, 2016ರ ಕೇಂದ್ರ ಸರ್ಕಾರದ ಮಾರ್ಗಸೂಚಿ 30ರಿಂದ 65 ವರ್ಷದ ಸ್ತ್ರೀಯರೆಲ್ಲರಿಗೂ ಐದು ವರ್ಷಕ್ಕೊಮ್ಮೆ ಸ್ತನಪರೀಕ್ಷೆಯಾಗಬೇಕೆಂದು ವಿಧಿಸಿರುವುದೂ, "ವಯಸ್ಸಲ್ಲ" ಎಂಬ ಸಮಾಧಾನವನ್ನು ಸಡಿಲಿಸತಕ್ಕ ಸಂಗತಿಗಳೇ.

ಓದು, ಕೀರ್ತಿ, ಶಾಸ್ತ್ರಜ್ಞಾನ ಇದ್ದವರಿಗೆ ಹೀಗಾಗುವುದಿಲ್ಲವೆಂದು ಯಾರಾದರೂ ಭಾವಿಸಿದರೆ, ಅಮೆರಿಕದ ಜೀವವಿಜ್ಞಾನಿ ರೇಚಲ್ ಕಾರ್ಸನ್ನರ ವೃತ್ತಾಂತವನ್ನು ನೋಡಬೇಕು. ಕೀಟನಾಶಕಗಳ ಅನರ್ಥವನ್ನು ಲೋಕಕ್ಕೆ ಸಾರಿದ 'ಸೈಲೆಂಟ್ ಸ್ಪ್ರಿಂಗ್' (1962) ಗ್ರಂಥವನ್ನು ಆಕೆ ಬರೆಯುತ್ತಿದ್ದಾಗ, 1960ರ ವಸಂತದಲ್ಲಿ ಸ್ತನದ ಶಸ್ತ್ರಚಿಕಿತ್ಸೆಯಾಯಿತು. ಫಲವೇನೆಂದು ಆಕೆ ನೇರವಾಗಿಯೇ ಕೇಳಿದರು. ಕ್ಯಾನ್ಸರೆಂದು ಹೇಳಲಿಲ್ಲ, ಮುಂದಿನ ಚಿಕಿತ್ಸೆಯನ್ನೂ ಸೂಚಿಸಲಿಲ್ಲ. ರೋಗಿಗೆ ಈ ರೋಗದ ಹೆಸರನ್ನು ಹೇಳದಿರುವುದು ಅಂದಿನ ಅಲ್ಲಿಯ ವೈದ್ಯರ ಸಾಮಾನ್ಯ ವಾಡಿಕೆಯಾಗಿತ್ತು. ವರ್ಷದ ಕೊನೆಗೆ ಅದೇ ಪಾರ್ಶ್ವದಲ್ಲಿ ಮತ್ತೆ ಬಾವು ಕಂಡಿತು. ಆಗ ಕಾರ್ಸನ್ ಕ್ಲೀವ್‌ಲೆಂಡಿನ ಶಸ್ತ್ರವೈದ್ಯ ಜಾರ್ಜ್ ಕ್ರೈಲರಿಗೆ ಸ್ವತಃ ಪತ್ರ ಬರೆದು ಅವರ ಅಭಿಪ್ರಾಯವನ್ನು ಬೇಡಿದರು. ಮೊದಲ ಗಂಟೇ ಕ್ಯಾನ್ಸರಾಗಿತ್ತೆಂಬುದೂ, ಅದು ಹರಡಿದೆಯೆಂಬುದೂ ಆಕೆಗೆ ತಿಳಿದದ್ದು ಆಮೇಲೆ. ಆಕೆ 1964ರ ಏಪ್ರಿಲ್ 14ರಂದು ತೀರಿಕೊಂಡರು. ದುದ್ದದ ಗೃಹಿಣಿಯ ಸಂಗತಿಗೂ ಇದಕ್ಕೂ ವ್ಯತ್ಯಾಸವಿಲ್ಲದಿಲ್ಲ. ಅಲ್ಲಿ ಬಲ್ಲವರು ಮರೆಮಾಚಿದರು, ಇಲ್ಲಿ ನೋಡದೆ ತಳ್ಳಿಹಾಕಿದರು. ಆದರೆ ಇಬ್ಬರಿಗೂ ಬೇಕಾದ ಉಪಾಯ ಒಂದೇ: ಮತ್ತೊಬ್ಬ ಬಲ್ಲವರಿಗೆ ಒಂದು ಪತ್ರ. ಲೋಕವನ್ನೆಚ್ಚರಿಸಿದ ಗ್ರಂಥದ ಪಕ್ಕದಲ್ಲಿ ಆ ಪತ್ರ ಸಣ್ಣದೆನ್ನಿಸಬಹುದು. ಕಾರ್ಸನ್ನರ ಗದ್ಯವನ್ನು ಪ್ರಶಂಸಿಸುವವರು ಅದನ್ನೂ ಅವರ ಬರಹಗಳಲ್ಲಿ ಎಣಿಸತಕ್ಕದ್ದು.

ಕನ್ನಡದಲ್ಲಿಯೂ ರೋಗಿಯ ಸ್ವಂತ ಧ್ವನಿ ಕೇಳಿಬಂದಿದೆ. ಬಿ. ವಿ. ಭಾರತಿಯವರ 'ಸಾಸಿವೆ ತಂದವಳು' ಸ್ತನ ಕ್ಯಾನ್ಸರಿಗೆ ಗುರಿಯಾದ ಸ್ತ್ರೀಯೇ ಬರೆದ ಅನುಭವಕಥನ. ಸಾವಿಲ್ಲದ ಮನೆಯ ಸಾಸಿವೆಯನ್ನು ತಾರೆಂದು ಬುದ್ಧನು ಕಿಸಾಗೋತಮಿಯನ್ನು ಕಳುಹಿದುದೂ, ಅವಳು ಬರಿಗೈಯಲ್ಲಿ ಬಂದುದೂ ಎಲ್ಲರೂ ಬಲ್ಲ ಕಥೆ. ಇಲ್ಲಿ ಹೆಸರಿನಲ್ಲಿಯೇ ಆ ಕಥೆ ತಿರುಗಿಬಿದ್ದಿದೆ. ಇವಳು ಸಾಸಿವೆಯನ್ನು ತಂದೇ ಬಿಟ್ಟವಳು. ಬೋಧನೆಗೆ ತಲೆಬಾಗಿದವಳಲ್ಲ, ಹೋಗಿ ಬೇಡಿ ತಂದವಳು. ಉಪದೇಶಗ್ರಂಥದಿಂದ ಅನುಭವಗ್ರಂಥಕ್ಕೆ ಬಂದ ಕೂಡಲೇ ಕ್ರಿಯಾಪದದ ಕರ್ತೃವೇ ಬದಲಾಗುವುದನ್ನು ರಸಿಕರು ಗಮನಿಸದಿರಲಾರರು. ಆತ್ಮಕಥನಕ್ಕೂ ಒಂದು ಮಿತಿಯುಂಟು: ಬದುಕಿ ಬಂದವರ ಲೇಖನಿಯಿಂದಲೇ ಅದು ಹೊರಡಬೇಕು. "ಸರಿ ಸಾರ್" ಎಂದು ಎದ್ದುಬಂದು, ಎರಡು ವರ್ಷ ಕಾದವಳ ಕಥೆಯನ್ನು ಬರೆಯುವವರು ಯಾರು? ಇದು ಕಾದಂಬರಿಕಾರರೂ ನಾಟಕಕಾರರೂ ಕೈಹಾಕಬೇಕಾದ ವಸ್ತು. ನಮ್ಮ ಕಥೆಗಳಲ್ಲಿ ಕ್ಯಾನ್ಸರ್ ಬಂದಾಗಲೆಲ್ಲ ಅದು ವಿಧಿಯ ವೇಷದಲ್ಲಿ, ಕೊನೆಯ ಅಧ್ಯಾಯದಲ್ಲಿ, ಕಣ್ಣೀರಿನ ಸಲುವಾಗಿ ಬರುತ್ತದೆ. ಮೊದಲ ಅಧ್ಯಾಯದಲ್ಲಿ, ವೈದ್ಯರ ಮೇಜಿನ ಬಳಿ, ತಪ್ಪಿಸಬಹುದಾದ ತಡವಾಗಿ ಬರುವುದು ಅಪೂರ್ವ.

ಆ ಅಧ್ಯಾಯವನ್ನು ಬರೆಯಬಯಸುವವರಿಗೆ ಸಾಮಗ್ರಿಯ ಕೊರತೆಯಿಲ್ಲ. ದುದ್ದದಿಂದ ಹಾಸನಕ್ಕೆ ದೂರ ಹೆಚ್ಚಲ್ಲ. ಅಲ್ಲಿ 2006ರಲ್ಲಿ ಸ್ಥಾಪಿತವಾದ ಸರ್ಕಾರೀ ವೈದ್ಯಕೀಯ ಕಾಲೇಜೂ ಅದರ ದೊಡ್ಡಾಸ್ಪತ್ರೆಯೂ ಇವೆ. ಅಲ್ಲಿಂದ ಮುಂದೆ ಬೆಂಗಳೂರಿಗೆ, 1973ರಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ, ಶ್ರವಣಬೆಳಗೊಳದ ಮೇಲೆ ಹಾದುಹೋಗುವ ರೈಲು 2017ರಿಂದ ನೇರವಾಗಿ ಓಡುತ್ತಿದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವಿನಿಂದ ಖಾಸಗಿ ಆಸ್ಪತ್ರೆಯಲ್ಲಿ ದೊಡ್ಡ ಚಿಕಿತ್ಸೆ ಪಡೆಯಬೇಕಾದರೆ, ತುರ್ತುಸಂದರ್ಭವನ್ನುಳಿದು ಸಾಮಾನ್ಯವಾಗಿ ಸರ್ಕಾರೀ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ರಸ್ತೆ, ರೈಲು, ಯೋಜನೆ ಎಲ್ಲವೂ ಆ ಒಂದು ಅಂಗೈಯಗಲದ ಕಾಗದದ ಮೇಲೆ ನಿಂತಿವೆ. ಆ ಕಾಗದವೋ, ಅವಳು ಬಾಯಿಬಿಟ್ಟು ಕೇಳುವ ಒಂದು ವಾಕ್ಯದ ಮೇಲೆ.

ಆ ವಾಕ್ಯಕ್ಕೆ ಎಷ್ಟು ಕನ್ನಡ ಬೇಕು? ಜಗಳದ ಕನ್ನಡ ಬೇಕಿಲ್ಲ. ವೈದ್ಯರ ಗೌರವಕ್ಕೆ ಕುಂದು ಬರಬೇಕಾಗಿಯೂ ಇಲ್ಲ. "ತಾವು ಹೇಳೋದು ನಿಜವೇ ಇರಬಹುದು ಸಾರ್. ಆದರೂ ಗಂಟು ಎಡಗಡೆ ಮೊಲೆಯಲ್ಲಿ, ಮೇಲುಭಾಗದಲ್ಲಿ, ಕಂಕುಳ ಕಡೆಗಿದೆ. ಕಂಡು ಆರು ವಾರವಾಯಿತು, ಮುಟ್ಟು ಮುಗಿದ ಮೇಲೂ ಕರಗಿಲ್ಲ. ನಮ್ಮ ಚಿಕ್ಕಮ್ಮನಿಗೂ ಇತ್ತು. ಹಾಸನದ ದೊಡ್ಡಾಸ್ಪತ್ರೆಯ ಸರ್ಜನ್ನರಿಗೆ ಒಂದು ಚೀಟಿ ಬರೆದುಕೊಡಿ, ಸ್ಕ್ಯಾನ್ ಆಗಲಿ. ಬೇಡ ಅನ್ನೋದಾದರೆ, ಏಕೆ ಬೇಡ ಅನ್ನೋದನ್ನ ಈ ಪುಸ್ತಕದಲ್ಲಿ ಬರೆದು ರುಜು ಹಾಕಿ." ಇದು ದುದ್ದದ ಹೆಂಗಸಿನ ಬಾಯಲ್ಲಿ ಕೃತ್ರಿಮವಾಗದ ಮಾತು. ಇದರಲ್ಲಿ ಸ್ಥಳವಿದೆ, ಕಾಲವಿದೆ, ವಂಶದ ಸುಳಿವಿದೆ, ಬೇಡಿಕೆಯಿದೆ. ಕೊನೆಯ ವಾಕ್ಯದಲ್ಲಿ ಅವಸರದ ವೈದ್ಯರು ಮತ್ತೊಮ್ಮೆ ತಲೆಯೆತ್ತಿ ನೋಡುವಂತೆ ಮಾಡುವ ಬಲವೂ ಇದೆ. 'ಮೊಲೆ' ಎಂಬ ಪದವನ್ನು ಅವಳು ಆಡಿದಾಗ ಪಕ್ಕದಲ್ಲಿರುವ ಯಜಮಾನರು ಕಿಟಕಿಯ ಕಡೆ ತಿರುಗಬಹುದು. ತಿರುಗಲಿ, ಚೀಟಿ ಬರೆಯುವವರೆಗೆ ಕಿಟಕಿಯನ್ನೇ ನೋಡುತ್ತಿರಲಿ.