ಏಳು ವರ್ಷದ ಮಾತು, ಎರಡು ವರ್ಷದ ಬ್ಯಾಟರಿ

ಈ ವಾರ ಬರೆಯಹೊರಟದ್ದು ಸೆಕ್ಯೂರಿಟಿ ಅಪ್‌ಡೇಟ್ ಬಗ್ಗೆ. 2023ರ ಅಕ್ಟೋಬರಿನಲ್ಲಿ ಪಿಕ್ಸೆಲ್ 8 ತಂದಾಗ ಗೂಗಲ್ ಏಳು ವರ್ಷ ಅಪ್‌ಡೇಟ್ ಕೊಡುವ ಮಾತಾಡಿತು. ಮರುವರ್ಷದ ಜನವರಿಯಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗ್‌ನದೂ ಅದೇ ಮಾತು. ಸ್ವಾಗತಿಸೋಣ, ಅಪ್‌ಡೇಟ್ ನಿಂತ ಫೋನಿನಲ್ಲಿ ಹಣದ ವ್ಯವಹಾರ ಬೇಡವೆಂದು ಈ ಅಂಕಣ ಹೇಳುತ್ತಲೇ ಬಂದಿದೆ. ಆದರೆ ಏಳು ವರ್ಷದ ಲೆಕ್ಕ ಹಾಕಹೋದರೆ ಅಡ್ಡ ಬರುವುದು ಬ್ಯಾಟರಿ.

2025ರ ಜೂನ್ 20ರಿಂದ ಜಾರಿಗೆ ಬಂದ ಯುರೋಪಿಯನ್ ಒಕ್ಕೂಟದ ನಿಯಮದಂತೆ, 800 ಸಲ ಪೂರ್ತಿ ಚಾರ್ಜ್ ಆದಮೇಲೂ ಬ್ಯಾಟರಿಯಲ್ಲಿ ಶೇ. 80ರಷ್ಟು ಸಾಮರ್ಥ್ಯ ಉಳಿದಿರಬೇಕು. ದಿನಕ್ಕೊಂದು ಚಾರ್ಜ್ ಎಂದರೆ ಎರಡು ವರ್ಷ ಚಿಲ್ಲರೆ. ನಮ್ಮ ಬೇಸಿಗೆಯ ಕಾವಿನಲ್ಲಿ, ರಾತ್ರಿಯಿಡೀ ಶೇ. 100ರಲ್ಲೇ ನಿಲ್ಲಿಸಿದರೆ ಅದು ಇನ್ನೂ ಬೇಗ ಸೊರಗುತ್ತದೆ. ಒಳಗಿನ ದ್ರಾವಣ ಒಡೆದು ಅನಿಲವಾದರೆ ಬ್ಯಾಟರಿ ಉಬ್ಬಿ ಹಿಂಬದಿಯ ಗಾಜನ್ನೇ ಎತ್ತುತ್ತದೆ. ಹಾಗಾದ ಫೋನನ್ನು ಒತ್ತಬೇಡಿ, ಚಾರ್ಜಿಗೂ ಹಾಕಬೇಡಿ.

ಬದಲಿಸಲೇಬೇಕಾದ ಈ ಭಾಗವನ್ನು ಅಂಟು ಹಾಕಿ ಮುಚ್ಚಿದವರು ತೆಳುವೇ ಚೆಲುವೆನ್ನುವ ಪಂಥದವರು. ನೀರು ಒಳಹೋಗಬಾರದಲ್ಲ, ಅದಕ್ಕೇ ಅಂಟು ಎಂಬುದು ಅವರ ಹಳೆಯ ವಾದ. 2014ರ ಗ್ಯಾಲಕ್ಸಿ ಎಸ್5 ನೋಡಿ: ಉಗುರಿನಲ್ಲಿ ಬಿಚ್ಚುವ ಹಿಂಬದಿ, ಕೈಯಲ್ಲೇ ತೆಗೆಯುವ ಬ್ಯಾಟರಿ, ಜೊತೆಗೆ ಐಪಿ67 ನೀರುತಡೆ. ಆ ವಾದ ಅಲ್ಲಿಗೇ ಮುಗಿಯಿತು.

ಬಿಚ್ಚುವ ಬಗೆಯನ್ನೂ ಹೇಳಿಕೊಡಬೇಕಲ್ಲ. ನನ್ನ ಮಟ್ಟಿಗೆ ರಿಪೇರಿಯ ಮಹಾಗ್ರಂಥವೆಂದರೆ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪಿನ ಹಾರ್ಡ್‌ವೇರ್ ಮೇಂಟೆನೆನ್ಸ್ ಮ್ಯಾನ್ಯುಯಲ್. ಐಬಿಎಂ ಅದನ್ನು ಮಾರುತ್ತಿದ್ದ ಕಾಲದಿಂದಲೂ ಯಾರು ಬೇಕಾದರೂ ಓದಬಹುದಾದ ಪುಸ್ತಕ. ಕೀಬೋರ್ಡ್ ತೆಗೆಯುವ ಮುನ್ನ ಏನೇನು ತೆಗೆಯಬೇಕು, ಯಾವ ತೂತಿಗೆ ಎಷ್ಟು ಉದ್ದದ ಸ್ಕ್ರೂ, ಎಷ್ಟು ಬಿಗಿ, ಎಲ್ಲವೂ ಚಿತ್ರಸಮೇತ ಅಲ್ಲಿದೆ. ಬಿಚ್ಚುವವನನ್ನು ನಂಬಿ ಬರೆದ ಪುಸ್ತಕವದು. ಅಂಥದೊಂದು ಕೈಪಿಡಿಯಿಲ್ಲದೆ ಬೆಂಗಳೂರಿನ ಎಸ್.ಪಿ. ರೋಡಿನ ರಿಪೇರಿಯವರು ಫೋನಿನ ಅಂಟು ಕಾಯಿಸಿ, ಗಾಜು ಒಡೆಯದಂತೆ ಎಬ್ಬಿಸುತ್ತಾರೆ. ಆ ಕೈಚಳಕಕ್ಕೆ ಕಂಪನಿಗಳು ಕೊಡಬೇಕಾದ ಗೌರವವೆಂದರೆ ಕೈಪಿಡಿ ಮತ್ತು ಅಸಲಿ ಬಿಡಿಭಾಗ.

ಫ್ರಾನ್ಸಿನಲ್ಲಿ 2021ರಲ್ಲೇ ಫೋನು, ಲ್ಯಾಪ್‌ಟಾಪ್‌ಗಳ ಮೇಲೆ ರಿಪೇರಿ ಎಷ್ಟು ಸುಲಭವೆಂಬ ಅಂಕ ನಮೂದಿಸತೊಡಗಿದರು. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿಗೆ ಸಮಿತಿ ಮಾಡಿತು. ಕಾನೂನು ಬರುವತನಕ ಕೊಳ್ಳುವವರ ಪ್ರಶ್ನೆಯೇ ಬಲ. ಅಂಗಡಿಯಲ್ಲಿ ಕ್ಯಾಮೆರಾ ನೋಡುವ ಮೊದಲು ಕೇಳಿ: ಅಸಲಿ ಬ್ಯಾಟರಿಗೆ ಎಷ್ಟು, ನಮ್ಮೂರಲ್ಲಿ ಹಾಕುವವರು ಯಾರು, ಐದು ವರ್ಷದ ಮೇಲೂ ಸಿಗುತ್ತದೆಯೇ? ಉತ್ತರವಿಲ್ಲದಿದ್ದರೆ ಏಳು ವರ್ಷದ ಅಪ್‌ಡೇಟಿಗೆಂದು ಹೆಚ್ಚು ದುಡ್ಡು ಕೊಡಬೇಡಿ.